ಓದಿ ರೈಟ್ರೇ

ಬಾಳ್ಳುಪೇಟೆಯ ಪಂಕ್ಚರ್ ಅಂಗಡಿಯವನು ಫೋನ್ ಮಾಡಿದಾಗ ನಾನು ಮೆಣಸಿನ ಬಳ್ಳಿ ಕಟ್ಟುವ ಹಗ್ಗದ ಗಂಟು ಬಿಡಿಸುತ್ತಾ ಕೂತಿದ್ದೆ.

"ರೈಟ್ರೇ, ನಮ್ ಮಹಡಿ ಮೇಡಂ ಹೋಗ್ಬುಟ್ರಂತೆ ಕಣ್ರೀ. ಆಲೂರಲ್ಲಿ, ಅಕ್ಕನ ಮನೇಲಿ. ಮೊನ್ನೆನೇ ಅಂತೆ."

"ಹೌದಾ," ಅಂದೆ. "ಎಲ್ಲಾ ಮುಗೀತಾ?"

"ಮುಗೀತಂತೆ. ನಿಮ್ಗೆ ಗೊತ್ತಿರ್ತದೆ ಅನ್ಕಂಡೆ."

ನನಗೆ ಗೊತ್ತಿರಲಿಲ್ಲ. ಫೋನ್ ಕೆಳಗಿಟ್ಟು ಉಳಿದ ಗಂಟು ಬಿಡಿಸಿದೆ. ಹೆಂಡತಿ ಯಾರು ಅಂತ ಕೇಳಿದಳು, ಹೇಳಿದೆ. ಅವಳು ಆಕೆಯನ್ನು ನೋಡಿದ್ದು ಒಂದೇ ಸಲ, ಅದೂ ಬಸ್ಸಿನ ಹತ್ತಿರ ನಿಂತು ಎರಡು ಮಾತು. ಆದರೂ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೆ ಏನೂ ಆಗಲಿಲ್ಲ. ಆಗಬಹುದು ಅಂತ ಸ್ವಲ್ಪ ಹೊತ್ತು ಕಾದೆ. ಆಮೇಲೆ ಊಟ ಮಾಡಿದೆ, ಊಟವೂ ಎಂದಿನಷ್ಟೇ ಸೇರಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಇದ್ದದ್ದು ಹಾಗೆ.

ಮಧ್ಯಾಹ್ನ ಮೊಬೈಲಿನಲ್ಲಿ ನಮ್ಮ ಹಳೆಯ ಎಸ್ಟೇಟಿನ ವೆಬ್‌ಸೈಟ್ ತೆರೆದು ನೋಡಿದೆ. ಫೋಟೋಗಳೆಲ್ಲ ಬದಲಾಗಿವೆ, ಮೇಲಿನ ಮೆನು ಮಾತ್ರ ಆಕೆ ಮಾಡಿದ್ದೇ. ಅವತ್ತು ಎಸ್ಟೇಟಿನ ಗೌಡರ ತಮ್ಮನ ಸರದಿ, ಅವರ ಕೆಳಮನೆ ಮುಂದಿತ್ತು.

ನಾನು ವನಗೂರಿನ ಮೇಲುಗಡೆ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವನು. ಬೆಳಿಗ್ಗೆ ಆಳುಗಳ ಮನೆಗಳಿರುವ ಲೈನಿನ ಮುಂದೆ ನಿಂತು ಹಾಜರಿ ಕೂಗುವುದು, ಯಾರು ತೋಟದ ಯಾವ ಪಟ್ಟೆಗೆ ಹೋಗಬೇಕು ಅಂತ ಹೇಳುವುದು, ಸ್ಟೋರಿನ ಬೀಗ ತೆಗೆಯುವುದು, ಇಷ್ಟೇ ನನ್ನ ಬದುಕು. ಎರಡು ಸಾವಿರದ ಇಸವಿ ದಾಟಿ ಏಳೆಂಟು ವರ್ಷವಾಗಿತ್ತು. ನಮ್ಮ ಕಡೆ ಎಲ್ಲರೂ ಹೋಂಸ್ಟೇ ಹೋಂಸ್ಟೇ ಅಂತ ಕುಣಿಯುತ್ತಿದ್ದ ಕಾಲ. ನಮ್ಮ ಗೌಡರೂ ಕುಣಿದರು. "ರೈಟ್ರೇ, ಬಾಳ್ಳುಪೇಟೆಲಿ ಒಬ್ರು ವೆಬ್‌ಸೈಟ್ ಮಾಡ್ತಾರಂತೆ. ಮೆನುಗೆ ಏನೇನ್ ಬೇಕೋ ಬರ್ಕೊಂಡು ಹೋಗಿ ಕೊಟ್ಬನ್ನಿ," ಅಂದರು. ನಾನು ನೀಟಾಗಿ ಬರೆದುಕೊಂಡು ಹೋದೆ: ಕಡುಬು, ಅಕ್ಕಿರೊಟ್ಟಿ, ಏಲಕ್ಕಿ ಹಾಕಿದ ಪಾಯಸ, ಭಾನುವಾರ ನಾಟಿಕೋಳಿ ಸಾರು.

ಅಂಗಡಿ ಹೆದ್ದಾರಿಯ ಮೇಲೆ, ಪಂಕ್ಚರ್ ಅಂಗಡಿಯ ಮಹಡಿಯಲ್ಲಿತ್ತು. ಮರದ ಮೆಟ್ಟಿಲು, ಎಣಿಸಿ ಹದಿನಾಲ್ಕು. ಲಾರಿ ಹೋದಾಗಲೆಲ್ಲ ಕಿಟಕಿಯ ಗಾಜು ಗಡಗಡ ಅನ್ನುತ್ತಿತ್ತು. ಒಳಗೆ ಎರಡು ಕಂಪ್ಯೂಟರ್, ಒಂದು ಹಳೇ ಟೈಪ್‌ರೈಟರ್, ನನಗಿಂತ ಹತ್ತು ವರ್ಷ ಚಿಕ್ಕವರಾದ ಒಬ್ಬ ಹೆಂಗಸು. ನಾನು ಚೀಟಿ ಮುಂದೆ ಹಿಡಿದೆ. ಆಕೆ ಕೈ ಚಾಚಲಿಲ್ಲ.

"ನೀವೇ ಓದಿ. ಬರ್ದೋರ ಬಾಯಲ್ಲಿ ಕೇಳಿದ್ರೆ ತಪ್ಪು ಕಮ್ಮಿ," ಅಂದರು.

ಓದಿದೆ. ನಾಟಿಕೋಳಿಗೆ ಬರುವಷ್ಟರಲ್ಲಿ ಆಕೆ ಮೇಜು ಹಿಡಿದುಕೊಂಡು ನಗುತ್ತಿದ್ದರು. ನಗುವಾಗ ಕಣ್ಣಲ್ಲಿ ನೀರು ಬರುತ್ತಿತ್ತು. ಮೆನು ಅಂದರೆ ಊಟದ ಪಟ್ಟಿಯಲ್ಲ, ವೆಬ್‌ಸೈಟಿನ ಹಣೆಯ ಮೇಲೆ ಸಾಲಾಗಿ ನಿಂತಿರುವ ಹೆಸರುಗಳು, ಯಾವ ಹೆಸರು ಒತ್ತಿದರೆ ಯಾವ ಪುಟಕ್ಕೆ ಹೋಗಬೇಕು ಅಂತ ಹೇಳುವಂಥವು ಅಂತ ಆಮೇಲೆ ತಿಳಿಸಿದರು. "ನೀವು ಬೆಳಿಗ್ಗೆ ಯಾರ್ ಯಾವ ಪಟ್ಟೆಗೆ ಅಂತ ಕೂಗಲ್ವಾ? ಅದೇ ಕಣ್ರೀ ಇದು."

ನನಗೆ ಆ ಕೆಲಸ ಹಿಡಿಸಿಬಿಟ್ಟಿತು. ಹೆಸರುಗಳನ್ನು ಸಾಲಾಗಿ ನಿಲ್ಲಿಸುವುದರಲ್ಲೇ ಇಪ್ಪತ್ತು ವರ್ಷ ಸವೆಸಿದವನಿಗೆ ಬೇರೇನು ಹಿಡಿಸಬೇಕು? ವಾರದ ರಜೆಗೆ ಬಸ್ಸು ಹತ್ತಿ ಬಾಳ್ಳುಪೇಟೆಗೆ ಬರುವುದು ರೂಢಿಯಾಯಿತು. ಮೊದಲು ಗೌಡರ ಕೆಲಸಕ್ಕೆ, ಆಮೇಲೆ ಕಲಿಯುವುದಕ್ಕೆ. ನಲವತ್ತಾರರ ವಯಸ್ಸಿನಲ್ಲಿ ಕೋಡ್ ಕಲಿಯಲು ಹೊರಟಿದ್ದಾನೆ ಅಂತ ಲೈನಿನವರು ಹಿಂದಿನಿಂದ ಆಡಿಕೊಂಡರು. ಮುಂದಿನಿಂದಲೂ ಆಡಿಕೊಂಡರು.

ಆಕೆ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿತವರು. ಕೂರುವ ಮೊದಲು ಎಡಗೈಯನ್ನು ಮೇಜಿನ ಅಂಚಿನ ಮೇಲೆ ಜಾರಿಸಿಕೊಂಡು ಬರುತ್ತಿದ್ದರು, ಕುರ್ಚಿಯ ಬೆನ್ನು ಮುಟ್ಟಿ ಕೂರುತ್ತಿದ್ದರು. ತೋರುಬೆರಳುಗಳು ಎಫ್ ಮತ್ತು ಜೆ ಕೀಗಳ ಮೇಲಿನ ಸಣ್ಣ ಉಬ್ಬನ್ನು ಹುಡುಕಿಕೊಂಡ ಮೇಲೆ ಬಾಯಿ ಮುಚ್ಚಿದರೆ ಹತ್ತು ನಿಮಿಷ ಟೈಪಿನ ಸದ್ದು ಮಾತ್ರ. ಕೀಬೋರ್ಡು ನೋಡುತ್ತಿರಲಿಲ್ಲ. ನೋಡದೆ ಟೈಪ್ ಮಾಡುವುದೇ ಅವರ ವಿದ್ಯೆಯಲ್ಲವೇ ಅಂತ ನಾನು ತಿಳಿದಿದ್ದೆ.

ಯಾರೋ ಮೆಟ್ಟಿಲು ಹತ್ತುತ್ತಿದ್ದರೆ ನಾಲ್ಕೈದನೇ ಮೆಟ್ಟಿಲಿಗೇ ಹೆಸರು ಹೇಳುತ್ತಿದ್ದರು. ನನ್ನ ಎಡಗಾಲು ಹಿಂದೆಂದೋ ಜೀಪಿನಿಂದ ಬಿದ್ದಾಗಿನಿಂದ ಸ್ವಲ್ಪ ಎಳೆಯುತ್ತದೆ. ಹಾಗಾಗಿ ನನ್ನನ್ನು ಗುರುತಿಸಲು ಮೂರು ಮೆಟ್ಟಿಲು ಸಾಕಾಗಿತ್ತು. ಮೇಲಿಂದಲೇ "ಬನ್ನಿ ರೈಟ್ರೇ" ಅನ್ನುವುದು ಕೇಳಿಸುತ್ತಿತ್ತು. ಆ ಎರಡು ಮಾತು ಕೇಳಲು ನನಗೆ ಬಹಳ ಇಷ್ಟವಿತ್ತು. ಎಸ್ಟೇಟಿನಲ್ಲಿ ನನಗೆ ಯಾರೂ ಬನ್ನಿ ಅನ್ನುತ್ತಿರಲಿಲ್ಲ, ಬಂದಿರಾ ಅನ್ನುತ್ತಿದ್ದರು.

ವೆಬ್‌ಸೈಟ್ ಕಟ್ಟುವ ಸಾಫ್ಟ್‌ವೇರ್ ಬಿಟ್ಟಿಯಾಗಿ ಸಿಗುತ್ತಿತ್ತು, ಜಗತ್ತಿನ ಯಾರೋ ಎಲ್ಲೋ ಕೂತು ಬರೆದದ್ದು. ಅದರ ಮೂಲ ಫೈಲುಗಳಿಗೆ ಕೈ ಹಾಕಬಾರದು ಅನ್ನುವುದು ಆಕೆ ಕಲಿಸಿದ ಮೊದಲ ಪಾಠ. ನಾನು ಅಲ್ಲೇ ತಿದ್ದಿದರೆ ಸುಲಭವಲ್ಲವೇ ಅಂದೆ.

"ರೋಬಸ್ಟಾ ಗಿಡದ ತುದೀಲಿ ಹಣ್ಣೈತೆ. ನೀವೇನ್ ಮಾಡ್ತೀರಿ, ರೆಂಬೆ ಕಡೀತೀರಾ?"

"ಕೊಕ್ಕೆ ಹಾಕಿ ಬಗ್ಗುಸ್ತೀವಿ."

"ಹಂಗೇ. ಇದಕ್ಕೂ ಹುಕ್ ಅಂತಾನೇ ಅನ್ನೋದು. ಅವ್ರು ಗಿಡದಲ್ಲಿ ಅಲ್ಲಲ್ಲಿ ಕೊಕ್ಕೆ ಹಾಕಕ್ಕೆ ಜಾಗ ಬಿಟ್ಟವ್ರೆ. ನಾವು ನಮ್ ಫೈಲಿಂದ ಕೊಕ್ಕೆ ಹಾಕ್ಬೇಕು, ಬೇಕಾದ್ದು ಕಿತ್ಕಬೇಕು, ಬುಟ್ಬುಡಬೇಕು. ಗಿಡ ಮತ್ತೆ ನೆಟ್ಟಗೆ ನಿಂತ್ಕಂತದೆ. ನಾಳೆ ಅವ್ರು ಹೊಸ ಗಿಡ ಕಳ್ಸಿದ್ರೂ ನಮ್ ಕೊಕ್ಕೆ ನಮ್ ಕೈಲೇ ಇರ್ತದೆ."

ಕಡೀಬ್ಯಾಡಿ, ಬಗ್ಸಿ. ದಿನಕ್ಕೆ ನಾಲ್ಕು ಸಲವಾದರೂ ಇದನ್ನು ಹೇಳುತ್ತಿದ್ದರು. ಮನುಷ್ಯರ ವಿಷಯದಲ್ಲೂ ಅದನ್ನೇ ಪಾಲಿಸುತ್ತಿದ್ದರು ಅಂತ ನನಗೆ ಗೊತ್ತಾದದ್ದು ಅಣ್ಣತಮ್ಮಂದಿರ ಜಗಳದಲ್ಲಿ.

ನಮ್ಮ ಗೌಡರಿಗೂ ಅವರ ತಮ್ಮನಿಗೂ ಹಿಸ್ಸೆಯಾಗಿತ್ತು. ಅಣ್ಣನದು ಮೇಲ್ಮನೆ, ತಮ್ಮನದು ಕೆಳಮನೆ, ಎರಡರಲ್ಲೂ ಹೋಂಸ್ಟೇ, ವೆಬ್‌ಸೈಟ್ ಮಾತ್ರ ಒಂದೇ. ಅದು ಮೆನುವಿನಲ್ಲಿ ಹೆಸರುಗಳನ್ನು ಅಕ್ಷರದ ಕ್ರಮದಲ್ಲಿ ನಿಲ್ಲಿಸುತ್ತಿತ್ತು. ಕ ಮೊದಲು, ಮ ಆಮೇಲೆ. ತಮ್ಮನ ಮನೆ ಮುಂದೆ ಬಂತು. ಗೌಡರು ಕೆಂಡವಾದರು. "ದೊಡ್ಡೋನು ನಾನು! ನಮ್ಮಪ್ಪ ಇದ್ದಿದ್ರೆ ಹಿಂಗ್ ಬರೀತಿದ್ರಾ?" ಹೆಸರು ತಿರುವಿ ಹಾಕಿದರೆ ತಮ್ಮ ಕೆಂಡ. "ವ್ಯಾಪಾರದಲ್ಲಿ ಎಂಥ ಮಾರಾಯ ದೊಡ್ಡೋನು ಚಿಕ್ಕೋನು?" ಒಬ್ಬರ ಮಾತು ಇನ್ನೊಬ್ಬರಿಗೆ ಮುಟ್ಟಿಸಿ ನನ್ನ ಕಾಲು ಸೋತಿತ್ತು.

ಆಕೆ ಒಂದು ಫಿಲ್ಟರ್ ಬರೆದರು. ಬೆಸ ತಾರೀಕು ಅಣ್ಣ ಮುಂದೆ, ಸರಿ ತಾರೀಕು ತಮ್ಮ ಮುಂದೆ. ಇಬ್ಬರೂ ಒಪ್ಪಿದರು. ಎರಡು ತಿಂಗಳು ನೆಮ್ಮದಿ. ಒಂದು ದಿನ ತಮ್ಮ ಕ್ಯಾಲೆಂಡರನ್ನೇ ಗೋಡೆಯಿಂದ ಕಿತ್ತುಕೊಂಡು ನನ್ನ ಹತ್ತಿರ ಬಂದರು. "ಮೂವತ್ತೊಂದು ಆದ್ಮೇಲೆ ಒಂದು ಬರ್ತದೆ ರೈಟ್ರೇ! ಎರಡು ದಿನಾನೂ ಅವನೇ!" ನಾನು ಕ್ಯಾಲೆಂಡರ್ ಹಿಡಿದುಕೊಂಡೇ ಬಾಳ್ಳುಪೇಟೆಗೆ ಹೋದೆ. ಆಕೆ ನಗಲಿಲ್ಲ. "ಅವ್ರು ಹೇಳೋದು ಸರಿ," ಅಂದರು. ತಾರೀಕು ಬಿಟ್ಟು ವರ್ಷದ ಎಷ್ಟನೇ ದಿನ ಅಂತ ಎಣಿಸುವ ಹಾಗೆ ಬದಲಿಸಿದರು. ಹಾಗೆ ಮಾಡಿದರೂ ವರ್ಷದ ಕೊನೆಯ ದಿನ ಮತ್ತು ಹೊಸ ವರ್ಷದ ಮೊದಲ ದಿನ ಅಣ್ಣನೇ ಬರುತ್ತಾನೆ ಅಂತ ನಾನು ಲೆಕ್ಕ ಹಾಕಿ ಹೇಳಿದೆ. "ವರ್ಷಕ್ಕೊಂದು ದಿನ ಇರ್ಲಿ ಬುಡಿ. ದೊಡ್ಡೋರಲ್ವಾ," ಅಂದರು.

ಫಿಲ್ಟರ್ ಅಂದರೆ ನನ್ನ ತಲೆಯಲ್ಲಿ ಕಾಫಿ ಫಿಲ್ಟರೇ ಇತ್ತು. ಮೇಲೆ ಪುಡಿ, ಕೆಳಗೆ ಡಿಕಾಕ್ಷನ್. ಆಕೆ ಅಲ್ಲ ಅಂದರು. ಕಣದಲ್ಲಿ ಹೆಂಗಸರು ಸಾಲಾಗಿ ನಿಂತು ಕೇರುವುದನ್ನು ನೆನಪಿಸಿಕೊಳ್ಳಿ ಅಂದರು. ಒಬ್ಬಳು ಮೊರ ಹಿಡಿದು ಕೇರುತ್ತಾಳೆ, ಕಸ ತೆಗೆಯುತ್ತಾಳೆ ಅಥವಾ ಕಾಳು ಸೇರಿಸುತ್ತಾಳೆ, ಪಕ್ಕದವಳ ಕೈಗೆ ಮೊರ ದಾಟಿಸುತ್ತಾಳೆ. ಮೆನುವೂ ಹಾಗೆ ಕೈಯಿಂದ ಕೈಗೆ ಬರುತ್ತದೆ. ನಿಮ್ಮ ಕೈಗೆ ಬಂದಾಗ ಏನು ಬೇಕಾದರೂ ಮಾಡಿ, ಆದರೆ ಕೊನೆಯಲ್ಲಿ ವಾಪಸ್ ಕೊಡಬೇಕು. ಆ ಕೊಡುವುದಕ್ಕೆ ರಿಟರ್ನ್ ಅಂತ ಒಂದು ಸಾಲು.

"ರಿಟರ್ನ್ ಬರೀದಿದ್ರೆ?"

"ಮೊರ ನಿಮ್ ಕೈಲೇ ಉಳ್ಕಂತದೆ. ಮುಂದಿನೋಳ ಕೈ ಖಾಲಿ. ಮೆನು ಇಡೀದೇ ಮಾಯ."

ನಾನು ಪ್ರತಿ ಸಲ ಅದನ್ನೇ ಮರೆಯುತ್ತಿದ್ದೆ. ಬರೆದದ್ದನ್ನು ಗಟ್ಟಿಯಾಗಿ ಓದಬೇಕು ಅನ್ನುವುದು ಆಕೆಯ ಪದ್ಧತಿ. "ಓದಿ ರೈಟ್ರೇ, ಹಾಜರಿ ಕೂಗೋ ಹಂಗೆ. ಒಂದಕ್ಷರ ಬುಡ್ಬ್ಯಾಡಿ." ನಾನು ಪರದೆ ನೋಡುತ್ತಾ ಕೂಗುತ್ತಿದ್ದೆ: ಆಡ್, ಅಂಡರ್‌ಸ್ಕೋರ್, ಫಿಲ್ಟರ್, ಬ್ರಾಕೆಟ್ ಓಪನ್, ಸಿಂಗಲ್ ಕೋಟ್. ಕೆಳಗಿನ ಪಂಕ್ಚರ್ ಅಂಗಡಿಯವನು ಮೇಡಂ ಏನೋ ಮಂತ್ರ ಹೇಳಿಸುತ್ತಾರೆ ಅಂತ ಗಿರಾಕಿಗಳಿಗೆ ಹೇಳುತ್ತಿದ್ದನಂತೆ. ಆಕೆ ಕಣ್ಣು ಮುಚ್ಚಿ ಕೇಳುತ್ತಿದ್ದರು. ಎಲ್ಲೋ ಒಂದು ಸೆಮಿಕೋಲನ್ ಬಿಟ್ಟಿದ್ದರೆ ಕೈಯೆತ್ತುತ್ತಿದ್ದರು. ಕೊನೆಗೆ ಬಂದಾಗ, "ಮೊರ ಎಲ್ಲಿ?" ಅನ್ನುತ್ತಿದ್ದರು. ನಾನು ನಾಲಿಗೆ ಕಚ್ಚಿಕೊಂಡು ರಿಟರ್ನ್ ಸೇರಿಸುತ್ತಿದ್ದೆ. ನನ್ನ ಕೂಗುವ ಗಂಟಲಿಗೆ ಕೊನೆಗೂ ಒಂದು ಮರ್ಯಾದೆ ಸಿಕ್ಕಿತು ಅಂತ ಹೆಮ್ಮೆಪಡುತ್ತಿದ್ದೆ. ಕಲಿಸುವ ಕ್ರಮವೇ ಹೀಗೆ ಅಂತ ನಂಬಿದ್ದೆ.

ಒಂದು ಭಾನುವಾರ ಮೆಟ್ಟಿಲು ಹತ್ತಿದಾಗ ಆಕೆ ಫೋನಿನಲ್ಲಿದ್ದರು, ಅದಕ್ಕೇ "ಬನ್ನಿ" ಅನ್ನಲಿಲ್ಲ. ಭುಜ ಮತ್ತು ಕಿವಿಯ ನಡುವೆ ರಿಸೀವರ್ ಸಿಕ್ಕಿಸಿಕೊಂಡು ಟೈಪ್ ಮಾಡುತ್ತಾ, "ಹೂಂ ಸಾರ್, ಕಾಣ್ತಾ ಐತೆ ಸಾರ್, ನಿಮ್ ಹೆಸ್ರು ನೀಲಿ ಬಣ್ಣದಲ್ಲಿ ಬಂದೈತೆ," ಅನ್ನುತ್ತಿದ್ದರು. ಕಣ್ಣು ಪರದೆಯ ಮೇಲೆಯೇ ಇತ್ತು. ಪರದೆ ಕಪ್ಪಾಗಿತ್ತು. ಮಾನಿಟರಿನ ವೈರು ಸಡಿಲವಾಗಿ ಮೇಜಿನ ಹಿಂದೆ ನೇತಾಡುತ್ತಿತ್ತು.

ನಾನು ಬಾಗಿಲಲ್ಲೇ ನಿಂತೆ. ಆಕೆ ಫೋನ್ ಇಟ್ಟರು. ನಾನು ಬಂದು ಕುರ್ಚಿ ಎಳೆಯದ್ದಕ್ಕೆ ಇತ್ತ ಮುಖ ತಿರುಗಿಸಿದರು.

"ಮಾನಿಟರ್ ಆಫ್ ಆಗೈತಾ ರೈಟ್ರೇ?"

"ಹೂಂ ಮೇಡಂ."

"ಎಷ್ಟೊತ್ತಾಯ್ತೋ ಏನೋ," ಅಂದು ಮೇಜಿನ ಅಂಚನ್ನು ಸವರಿದರು. ಆರೇಳು ವರ್ಷದಿಂದ ಕಣ್ಣಿಗೆ ಸುತ್ತಲಿಂದ ಕತ್ತಲು ಬರುತ್ತಾ ಬರುತ್ತಾ ಈಗ ನಡುವೆ ಬೆಳಕಿನ ಒಂದು ಚುಕ್ಕೆ ಮಾತ್ರ ಉಳಿದಿದೆಯಂತೆ. ಅದರಲ್ಲಿ ಅಕ್ಷರ ಹಿಡಿಸುವುದಿಲ್ಲ. ಇದನ್ನೆಲ್ಲ ಬಸ್ಸಿನ ಸಮಯ ಹೇಳುವ ದನಿಯಲ್ಲಿ ಹೇಳಿದರು. ಆಮೇಲೆ ಮಾತ್ರ ದನಿ ಬದಲಾಯಿತು. "ಯಾರಿಗೂ ಹೇಳ್ಬ್ಯಾಡಿ. ಕಣ್ಣಿಲ್ದೋಳು ವೆಬ್‌ಸೈಟ್ ಮಾಡ್ತಾಳೆ ಅಂದ್ರೆ ಯಾರು ಕೆಲ್ಸ ಕೊಡ್ತಾರೆ? ಈ ಮೆಟ್ಲು ಇಳುದ್ರೆ ನಂಗೆ ಅಕ್ಕನ ಮನೆ ಒಲೆ ಮುಂದ್ಲ ಮೂಲೆನೇ ಗತಿ. ನಂಗದು ಬ್ಯಾಡ."

"ನನ್ ಬಾಯಿಂದ ಬರಲ್ಲ ಮೇಡಂ."

"ಕೊಕ್ಕೆ ಹಾಕಿ ಎಳುದ್ರೂ?"

"ಎಳುದ್ರೂ."

ಒಂದೂವರೆ ವರ್ಷ ಆ ಮಾತು ಉಳಿಸಿಕೊಂಡೆ. ಅಷ್ಟೂ ದಿನ ನಾನು ಆಕೆಯ ಕಣ್ಣಾಗಿದ್ದೆ ಅಂತ ಬರೆದರೆ ಚೆನ್ನಾಗಿ ಕಾಣುತ್ತದೆ, ಆದರೆ ಅದು ಸುಳ್ಳು. ಆಕೆಗೆ ಕಣ್ಣು ಬೇಕಿರಲಿಲ್ಲ, ಒಂದು ಗಂಟಲು ಸಾಕಾಗಿತ್ತು. ವಾರದ ದಿನಗಳಲ್ಲಿ ಕೆಲಸ ಕೊಡಲು ಬಂದವರಿಂದಲೇ ಹೇಗೋ ಓದಿಸಿಕೊಳ್ಳುತ್ತಿದ್ದರು, ಅವರಿಗೇ ಗೊತ್ತಾಗದ ಹಾಗೆ. ಪಾಪ ಅನ್ನಿಸಿಕೊಳ್ಳುವುದೆಂದರೆ ಮೈ ಉರಿಯುತ್ತಿತ್ತು. ಒಮ್ಮೆ ರಸ್ತೆ ದಾಟಿಸಲು ಮೊಣಕೈ ಹಿಡಿದೆ. "ನಾನೇನ್ ನಿಮ್ ಲೈನಿನ ಕರುನಾ?" ಅಂತ ಕೊಡವಿಕೊಂಡರು. ಲಾರಿಗಳ ಸದ್ದು ಕೇಳಿ ಕೇಳಿ, ಸಮಯ ನೋಡಿ ನನಗಿಂತ ಮೊದಲೇ ದಾಟಿದರು.

ಮಾರ್ಚ್ ತಿಂಗಳಲ್ಲಿ ಆಕೆ ಕಣ್ಣಿನ ಆಸ್ಪತ್ರೆಗೆ ಅಂತ ಅಕ್ಕನ ಜೊತೆ ಬೆಂಗಳೂರಿಗೆ ಹೋದರು. ಒಂದು ವಾರ. ಬೀಗದ ಕೈ ನನಗೆ ಕೊಟ್ಟು ಪಾಸ್‌ವರ್ಡ್ ಬಾಯಲ್ಲಿ ಹೇಳಿದರು. "ತೀರಾ ಬೇಕಾದ್ರೆ ಮಾತ್ರ ಮುಟ್ಟಿ," ಅಂದರು. ಅದೇ ವಾರ ಮಳೆ ಬಿದ್ದು ಕಾಫಿ ಹೂವಾಯಿತು. ಹೂವು ನೋಡಲು ಬರುವವರಿಗೆ ಮೆನುವಿನಲ್ಲಿ 'ಕಾಫಿ ಹೂವು' ಅಂತ ಒಂದು ಹೆಸರು ಸೇರಿಸಬೇಕು ಅಂತ ಗೌಡರು ಹೇಳಿದರು. ಮೇಡಂ ಬರಲಿ ಅನ್ನಬಹುದಿತ್ತು. ನಾನೇ ಮಾಡಿ ತೋರಿಸೋಣ, ಬಂದಾಗ ಕೇಳಿ ಖುಷಿಪಡಲಿ ಅಂತ ಆಸೆಯಾಯಿತು.

ಎಂಟು ಸಾಲು ಬರೆದೆ. ಗಟ್ಟಿಯಾಗಿ ಓದಿದೆ. ಕೇಳುವವರು ಇರಲಿಲ್ಲ. ಸೇವ್ ಮಾಡಿದೆ.

ಮೆನು ಹೋಯಿತು. ಮನೆ, ಕೋಣೆ, ದಾರಿ, ಅಣ್ಣ, ತಮ್ಮ, ಎಲ್ಲವೂ. ಹಣೆ ಬೋಳು. ಏನು ಮಾಡಿದರೂ ವಾಪಸ್ ಬರಲಿಲ್ಲ. ನನ್ನ ತಲೆಯಲ್ಲಿ ಮೊರದ ಮಾತು ಬರಲೇ ಇಲ್ಲ. ಬೀಗ ಹಾಕಿ ಊರಿಗೆ ಬಂದೆ. ಮರುದಿನ ಬೆಳಿಗ್ಗೆ ಹಾಜರಿ ಮುಗಿಯುವ ಮೊದಲೇ ಗೌಡರ ಜೀಪು ಬಂತು.

"ಏನ್ರೀ ಇದು? ಬೆಂಗಳೂರಿಂದ ಫೋನ್ ಮೇಲೆ ಫೋನು. ದಾರಿ ಎಲ್ಲಿ ಅಂತಾರೆ, ರೂಮ್ ಎಲ್ಲಿ ಅಂತಾರೆ. ಸೈಟಲ್ಲಿ ಒಂದ್ ಬಾಗ್ಲೂ ಇಲ್ಲ! ಏನ್ ಮಾಡವ್ಳೆ ಆಯಮ್ಮ?"

ಅವರು ನನ್ನನ್ನು ಅನುಮಾನಿಸಲೂ ಇಲ್ಲ. ಕೊಕ್ಕೆ ಹಾಕಲೂ ಇಲ್ಲ. ಲೈನಿನವರೆಲ್ಲ ನೋಡುತ್ತಾ ನಿಂತಿದ್ದರು, ಹಾಜರಿ ಪುಸ್ತಕ ನನ್ನ ಕೈಯಲ್ಲಿತ್ತು.

"ಆಯಮ್ಮಂಗೆ ಕಣ್ಣು ಕಾಣಲ್ಲ ಗೌಡ್ರೇ," ಅಂದೆ. "ಪಾಪ."

ಅಷ್ಟೇ. ಆ ಮಾತಿನಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಗೌಡರ ಸಿಟ್ಟು ಜರ್ರನೆ ಇಳಿಯಿತು. "ಅಯ್ಯೋ ಪಾಪ," ಅಂದರು. ಅವರು ಕೆಟ್ಟವರಲ್ಲ. ಮರುಗುತ್ತಲೇ ಒಂದು ಮದುವೆ ಮನೆಯಲ್ಲಿ ನಾಲ್ಕು ಜನಕ್ಕೆ ಹೇಳಿದರು. ಅವರೂ ಮರುಗಿದರು. ಕಣ್ಣಿಲ್ಲದವರಿಗೆ ಯಾಕೆ ಶ್ರಮ ಕೊಡುವುದು ಅಂತ ಒಬ್ಬೊಬ್ಬರಾಗಿ ಕೆಲಸವನ್ನು ಹಾಸನಕ್ಕೆ ಒಯ್ದರು. ಯಾರೂ ಆಕೆಯನ್ನು ಬೈಯಲಿಲ್ಲ, ಎಲ್ಲರೂ ಕನಿಕರದಿಂದಲೇ ಬಿಟ್ಟರು. ಗೌಡರೂ ಬಿಟ್ಟರು. ಹಾಸನದವನು ಫೋಟೋ ಬದಲಿಸಿದ, ಮೆನು ಅರ್ಥವಾಗದೆ ಅದಕ್ಕೆ ಕೈ ಹಾಕಲಿಲ್ಲ.

ಮೆನು ಅದಕ್ಕಿಂತ ಮೊದಲೇ ಸರಿಹೋಗಿತ್ತು. ಬೆಂಗಳೂರಿಂದ ಬಂದ ದಿನವೇ ಆಕೆ ಪಂಕ್ಚರ್ ಅಂಗಡಿಯವನನ್ನು ಮೇಲೆ ಕರೆದು ಫೈಲನ್ನು ಅಕ್ಷರ ಅಕ್ಷರವಾಗಿ ಓದಿಸಿದರಂತೆ. ಅವನೇ ಹೇಳಿದ. ನನ್ನ ಎಂಟು ಸಾಲುಗಳಲ್ಲಿ ಒಂದನ್ನೂ ಅಳಿಸಲಿಲ್ಲವಂತೆ. ಕೊನೆಗೆ ಒಂದು ಸಾಲು ಸೇರಿಸಿ, "ಇಷ್ಟೇ," ಅಂದರಂತೆ. 'ಕಾಫಿ ಹೂವು' ಮೆನುವಿನಲ್ಲಿ ಬಂತು. ಇವತ್ತಿಗೂ ಇದೆ.

ನಾನು ಎರಡು ತಿಂಗಳು ಆ ಕಡೆ ಹೋಗಲಿಲ್ಲ. ಗಿಡದ ರೆಂಬೆ ಸವರುವ ಕಪಾತಿನ ಕೆಲಸ ಅಂದೆ, ನೆರಳು ಮರಗಳ ಕೊಂಬೆ ತೆಗೆಸುವುದಿದೆ ಅಂದೆ. ಯಾರೂ ಕೇಳದಿದ್ದರೂ ಅಂದೆ. ಕೊನೆಗೊಂದು ಭಾನುವಾರ ಬಸ್ಸು ಹತ್ತಿದೆ. ಎಲ್ಲ ಹೇಳಿಬಿಡಬೇಕು, ಮೆನು ಕೆಡಿಸಿದ್ದು ನಾನು, ಬಾಯಿ ಬಿಟ್ಟಿದ್ದೂ ನಾನು, ಗೌಡರ ಮುಂದೆಯೂ ಹೇಳುತ್ತೇನೆ ಅಂತ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಮೆಟ್ಟಿಲು ಹತ್ತಿದೆ. ಮೂರಾಯಿತು, ಐದಾಯಿತು. ಎಡಗಾಲನ್ನು ಬೇಕೆಂದೇ ಜೋರಾಗಿ ಎಳೆದೆ. ಮೇಲಿಂದ ಸದ್ದಿಲ್ಲ. ಹದಿನಾಲ್ಕೂ ಹತ್ತಿ ಬಾಗಿಲಲ್ಲಿ ನಿಂತೆ. ಆಕೆ ಕೀಬೋರ್ಡಿನ ಮೇಲೆ ಬೆರಳಿಟ್ಟುಕೊಂಡು ಸುಮ್ಮನೆ ಕೂತಿದ್ದರು. ಮುಖ ಇತ್ತ ತಿರುಗಿಸಿದರು.

"ಯಾರು?" ಅಂದರು.

"ನಾನು ಮೇಡಂ. ರೈಟರು."

"ಯಾವ ಎಸ್ಟೇಟ್ ರೈಟ್ರು?"

ಎಸ್ಟೇಟಿನ ಹೆಸರು ಹೇಳಿದೆ.

"ಕೂತ್ಕಳಿ," ಅಂದರು, ಕುರ್ಚಿ ಇದ್ದ ಕಡೆ ಕೈ ತೋರಿಸಿ. "ಏನ್ ಕೆಲ್ಸ ಆಗ್ಬೇಕಿತ್ತು?"

"ಏನಿಲ್ಲ," ಅಂದೆ. ಇಳಿದು ಬಂದೆ.